ಆಫೀಸಿನ ಹಳೇ ಕಂಪ್ಯೂಟರ್‌ಗೆ ನೆಟ್ ಬರುತ್ತಿಲ್ಲವೇ? ಪದೇ ಪದೇ ಕೇಳುವ ಪ್ರಶ್ನೆಗಳು

ಸೊಸೈಟಿ, ಶಾಲೆ, ವಕೀಲರ ಆಫೀಸು, ಅಡಿಕೆ ಮಂಡಿ, ಹೀಗೆ ಸಣ್ಣ ಸಣ್ಣ ಕಚೇರಿಗಳ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸ ನನ್ನದು. ಎಲ್ಲಿ ಹೋದರೂ ಮೂಲೆಯ ಟೇಬಲ್ ಮೇಲೆ ಒಂದು ಹಳೇ ಕಂಪ್ಯೂಟರ್ ಇದ್ದೇ ಇರುತ್ತದೆ. ಜಾಸ್ತಿ ಕಡೆ ವಿಂಡೋಸ್ 7, ಕೆಲವು ಕಡೆ ಇನ್ನೂ ಎಕ್ಸ್‌ಪಿ. ವರ್ಷಗಟ್ಟಲೆ ಟೈಪ್ ಮಾಡಿದ ನುಡಿ ಫೈಲುಗಳು ಅದರಲ್ಲೇ ಇರುತ್ತವೆ. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಅದಕ್ಕೇ ಜೋಡಿಸಿರುತ್ತದೆ. ಅದರ ನೆಟ್ ಹೋದ ದಿನ ಸಿಕ್ಕವರೆಲ್ಲ ಕೊಡುವ ಸಲಹೆ ಒಂದೇ: ಫಾರ್ಮ್ಯಾಟ್ ಹೊಡೆಸಿ. ದಯವಿಟ್ಟು ಅಷ್ಟು ಬೇಗ ಆ ಕೆಲಸಕ್ಕೆ ಹೋಗಬೇಡಿ. ವೈರಿನಿಂದ ಶುರುಮಾಡಿ ಒಂದೊಂದಾಗಿ ನೋಡುತ್ತಾ ಹೋದರೆ ತೊಂದರೆ ಎಲ್ಲಿದೆ ಅಂತ ನಿಮಗೇ ಗೊತ್ತಾಗುತ್ತದೆ. ನನಗೆ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಇಲ್ಲಿ ಬರೆದಿದ್ದೇನೆ.

ಬೆಳಿಗ್ಗೆ ಬಂದು ಆನ್ ಮಾಡಿದೆ, ನೆಟ್ ಇಲ್ಲ. ಮೊದಲು ಏನು ನೋಡಲಿ?

ಪಕ್ಕದ ಕಂಪ್ಯೂಟರ್ ನೋಡಿ. ಅದಕ್ಕೂ ಇಲ್ಲ, ಆಫೀಸಿನ ವೈಫೈಗೆ ಸೇರಿಸಿದ ಮೊಬೈಲಿಗೂ ಇಲ್ಲ ಅಂದರೆ ನಿಮ್ಮ ಹಳೇ ಕಂಪ್ಯೂಟರಿನದು ಏನೂ ತಪ್ಪಿಲ್ಲ. ಫೈಬರ್ ಬಾಕ್ಸಿನ ಹತ್ತಿರ ಹೋಗಿ. ಅದರಲ್ಲಿ ಎಲ್‌ಓಎಸ್ ಎಂದು ಬರೆದಿರುವ ದೀಪ ಕೆಂಪಾಗಿದ್ದರೆ ಹೊರಗಿನಿಂದ ಬರುವ ಫೈಬರಿನಲ್ಲಿ ಬೆಳಕೇ ಬರುತ್ತಿಲ್ಲ ಎಂದರ್ಥ. ರಸ್ತೆ ಅಗೆಯುವಾಗ ತುಂಡಾಗಿರಬಹುದು, ಮರದ ಕೊಂಬೆ ಬಿದ್ದಿರಬಹುದು. ಆಗ ಲೈನ್‌ಮ್ಯಾನ್‌ಗೆ ಫೋನ್ ಮಾಡುವುದೊಂದೇ ದಾರಿ. ಕಂಪ್ಯೂಟರಿನ ಸೆಟ್ಟಿಂಗ್ ಮುಟ್ಟಬೇಡಿ.

ಕೆಂಪು ದೀಪವೂ ಇಲ್ಲ, ಆದರೆ ಯಾವ ಕಂಪ್ಯೂಟರಿಗೂ ನೆಟ್ ಇಲ್ಲ ಅಂದರೆ ನೆಟ್‌ವರ್ಕ್ ಸ್ವಿಚ್, ಅಂದರೆ ಎಲ್ಲ ಕಂಪ್ಯೂಟರುಗಳ ಕೇಬಲ್ ಬಂದು ಸೇರುವ ಡಬ್ಬಿಯ ಕಡೆ ನೋಡಿ. ಎಲ್ಲ ಪೋರ್ಟಿನ (ಕೇಬಲ್ ಸಿಕ್ಕಿಸುವ ತೂತಿನ) ದೀಪಗಳೂ ಒಟ್ಟಿಗೆ ಹುಚ್ಚೆದ್ದಂತೆ ಮಿನುಗುತ್ತಿದ್ದರೆ ಒಂದೇ ಕೇಬಲಿನ ಎರಡೂ ತುದಿ ಅದೇ ಸ್ವಿಚ್ಚಿಗೆ ಸಿಕ್ಕಿಸಿರುವ ಸಾಧ್ಯತೆ ಇದೆ. ಕಸ ಗುಡಿಸುವಾಗ ನೆಲದ ಮೇಲೆ ಬಿದ್ದಿದ್ದ ತುದಿಯನ್ನು ಯಾರೋ ಒಳ್ಳೇ ಮನಸ್ಸಿನಿಂದ ಖಾಲಿ ತೂತಿಗೆ ಹಾಕಿರುತ್ತಾರೆ. ಹೋದ ಮಾಹಿತಿಯೇ ಸುತ್ತಿ ಸುತ್ತಿ ವಾಪಸ್ ಬಂದು ಇಡೀ ಆಫೀಸಿನ ನೆಟ್‌ವರ್ಕ್ ನಿಂತುಬಿಡುತ್ತದೆ. ಒಂದು ತುದಿ ಎಳೆದರೆ ಸಾಕು, ಸ್ವಲ್ಪ ಹೊತ್ತಿನಲ್ಲೇ ಸರಿಹೋಗುತ್ತದೆ.

ಬೇರೆ ಎಲ್ಲದಕ್ಕೂ ಬರುತ್ತಿದೆ, ಇದೊಂದಕ್ಕೆ ಮಾತ್ರ ಇಲ್ಲ.

ಸಿಪಿಯು ಹಿಂದೆ ಬಗ್ಗಿ ನೋಡಿ. ಲ್ಯಾನ್ ಕೇಬಲ್ ಸಿಕ್ಕಿಸುವ ಜಾಗದಲ್ಲಿ ಎರಡು ಪುಟ್ಟ ದೀಪಗಳಿರುತ್ತವೆ. ಸಾಮಾನ್ಯವಾಗಿ ಒಂದು ಸುಮ್ನೆ ಉರಿಯುತ್ತಿರುತ್ತದೆ, ಇನ್ನೊಂದು ಮಿನುಗುತ್ತಿರುತ್ತದೆ. ಎರಡೂ ಆರಿದ್ದರೆ ಬಹುತೇಕ ವೈರಿನ ತೊಂದರೆ, ಇಲ್ಲವೇ ಪೋರ್ಟಿನ ತೊಂದರೆ. ಆಗ ವಿಂಡೋಸ್ ಒಳಗೆ ಏನು ಮಾಡಿದರೂ ಪ್ರಯೋಜನವಿಲ್ಲ.

ಕೇಬಲಿನ ತುದಿಯನ್ನು ಹೊರಗೆ ತೆಗೆದು ಬೆಳಕಿಗೆ ಹಿಡಿಯಿರಿ. ಪ್ಲಾಸ್ಟಿಕ್ ಕೊಂಡಿ ಮುರಿದಿರುತ್ತದೆ ನೋಡಿ, ಹಳೇ ಕೇಬಲ್‌ಗಳಲ್ಲಿ ಇದು ಬಹಳ ಸಾಮಾನ್ಯ. ಕೊಂಡಿ ಇಲ್ಲದಿದ್ದರೂ ತುದಿ ಒಳಗೆ ಕೂತ ಹಾಗೆ ಕಾಣುತ್ತದೆ. ಆದರೆ ಯಾರಾದರೂ ಕುರ್ಚಿ ಸರಿಸಿದರೆ ಒಂದು ಕೂದಲೆಳೆಯಷ್ಟು ಹಿಂದೆ ಜಾರುತ್ತದೆ. ಒಂದು ಸೊಸೈಟಿಯಲ್ಲಿ ಕ್ಯಾಲೆಂಡರ್ ಹಾಳೆಯನ್ನು ಮಡಚಿ ಮಡಚಿ ಅದರ ಪಕ್ಕಕ್ಕೆ ತುರುಕಿದ್ದರು. ಎರಡು ವರ್ಷ ಹಾಗೇ ನಡೆದಿತ್ತು. ಮಳೆಗಾಲದ ತೇವಕ್ಕೆ ಕಾಗದ ಮೆತ್ತಗಾದ ದಿನ ನೆಟ್ ನಿಂತಿತು. ಒಂದು ಹೊಸ ತುದಿಯಲ್ಲಿ ಮುಗಿಯುವ ಕೆಲಸ ಅದು.

ಮುಂದಿನ ಹೆಜ್ಜೆ ಅದಲುಬದಲು. ಸ್ವಿಚ್‌ನಲ್ಲಿ ಬೇರೆ ಪೋರ್ಟಿಗೆ ಹಾಕಿ ನೋಡಿ. ಆಮೇಲೆ ಪಕ್ಕದ ಕಂಪ್ಯೂಟರಿನ ಕೇಬಲ್ ತಂದು ಇದಕ್ಕೆ ಸಿಕ್ಕಿಸಿ. ದೀಪ ಹತ್ತಿಕೊಂಡರೆ ಕಂಪ್ಯೂಟರ್ ಚೆನ್ನಾಗಿದೆ, ನಿಮ್ಮ ಕೇಬಲ್ ಹಾಳಾಗಿದೆ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಮೂರು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಅಂತ ತಿಳಿಯುವುದಿಲ್ಲ, ಮುಂದಿನ ಸಲ ಮತ್ತೆ ಮೊದಲಿಂದ ಹುಡುಕಬೇಕು.

ಕೇಬಲ್ ಇಲಿ ಕಡಿದಿದೆ. ಪೂರ್ತಿ ಹೊಸದು ಎಳೆಸಬೇಕಾ?

ತುದಿಯ ಹತ್ತಿರ ಕಡಿದಿದ್ದರೆ ಬೇಡ. ಅಷ್ಟನ್ನು ಕತ್ತರಿಸಿ ಹೊಸ ಪ್ಲಾಸ್ಟಿಕ್ ತುದಿ, ಅಂದರೆ ಆರ್‌ಜೆ 45 ಕನೆಕ್ಟರ್ ಹಾಕಿಸಿದರೆ ಆಯಿತು. ಅದನ್ನು ಒತ್ತಿ ಕೂರಿಸುವ ಕ್ರಿಂಪಿಂಗ್ ಟೂಲ್ ಇದ್ದರೆ ನೀವೇ ಹಾಕಬಹುದು. ಒಳಗೆ ಎಂಟು ತಂತಿ ಇರುತ್ತವೆ. ಕನೆಕ್ಟರಿನ ಕೊಂಡಿ ಕೆಳಗೆ, ಚಿನ್ನದ ಬಣ್ಣದ ಪಿನ್ನುಗಳು ಮೇಲೆ ಬರುವಂತೆ, ತಂತಿ ತೂರಿಸುವ ತೂತು ನಿಮ್ಮ ಕಡೆಗೆ ಇರುವಂತೆ ಹಿಡಿದರೆ ಎಡದಿಂದ ಬಣ್ಣದ ಕ್ರಮ ಹೀಗೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ನಾಲ್ಕನೆಯದು ಹಸಿರಲ್ಲ, ನೀಲಿ. ಹೊಸಬರು ತಪ್ಪುವುದು ಇಲ್ಲೇ. ಇನ್ನೊಂದು ತುದಿಯಲ್ಲೂ ಇದೇ ಕ್ರಮ ಇದೆಯೇ ನೋಡಿಕೊಳ್ಳಿ. ಕೆಲವು ಕಡೆ ಕಿತ್ತಳೆ ಮತ್ತು ಹಸಿರು ಜೋಡಿ ಅದಲುಬದಲಾಗಿರುವ ಇನ್ನೊಂದು ಕ್ರಮ ಬಳಸಿರುತ್ತಾರೆ. ಆಗ ಅಲ್ಲಿರುವಂತೆಯೇ ಇಲ್ಲೂ ಹಾಕಿ.

ಹಳೇ 100 ಎಂಬಿಪಿಎಸ್ ಲ್ಯಾನ್ ಕಾರ್ಡಿಗೆ ಈ ಎಂಟರಲ್ಲಿ ನಾಲ್ಕು ತಂತಿ ಸಾಕು: 1, 2, 3 ಮತ್ತು 6ನೆಯವು. ಹೊಸ, ವೇಗದ ಗಿಗಾಬಿಟ್ ಕಾರ್ಡಿಗೆ ಎಂಟೂ ಬೇಕು. ಅದಕ್ಕೇ ಕೆಲವೊಮ್ಮೆ ಅರ್ಧ ಹಾಳಾದ ಕೇಬಲಿನಲ್ಲಿ ಹಳೇ ಕಂಪ್ಯೂಟರ್ ಓಡುತ್ತಿರುತ್ತದೆ, ಹೊಸದು ತಕರಾರು ಮಾಡುತ್ತದೆ.

ಮಧ್ಯದಲ್ಲಿ ಕಡಿದಿದ್ದರೆ ತಂತಿ ತಿರುಚಿ ಟೇಪ್ ಸುತ್ತಬೇಡಿ. ಅಂಥ ಜಾಯಿಂಟ್ ಇವತ್ತು ನಡೆದರೂ ನಾಳೆ ಕೈಕೊಡುತ್ತದೆ. ಸ್ವಿಚ್‌ನಿಂದ ಕಂಪ್ಯೂಟರಿಗೆ ಒಂದು ಕೇಬಲ್ 100 ಮೀಟರ್ ದಾಟಬಾರದು ಎಂಬುದೂ ನೆನಪಿರಲಿ. ಗೋದಾಮು ದೂರ ಇರುವ ಕಡೆ ಇದನ್ನು ಮರೆತು ತೊಂದರೆ ತಂದುಕೊಳ್ಳುತ್ತಾರೆ.

ನಿನ್ನೆ ಸಂಜೆ ಜೋರು ಗುಡುಗು ಸಿಡಿಲು. ಇವತ್ತು ಲ್ಯಾನ್ ದೀಪವೇ ಇಲ್ಲ.

ಏಪ್ರಿಲ್-ಮೇ ತಿಂಗಳ ಗುಡುಗು ಮಳೆ ಶುರುವಾದರೆ ನನಗೆ ಬರುವ ಫೋನುಗಳಲ್ಲಿ ಜಾಸ್ತಿ ಇವೇ. ಮೊದಲು ಒಂದು ಸುಲಭದ ಪ್ರಯತ್ನ ಮಾಡಿ. ಕಂಪ್ಯೂಟರ್ ಆಫ್ ಮಾಡಿ, ಪವರ್ ವೈರ್ ಮತ್ತು ಲ್ಯಾನ್ ಕೇಬಲ್ ಎರಡನ್ನೂ ಕಿತ್ತು, ಪವರ್ ಬಟನ್ನನ್ನು ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಒಳಗೆ ಉಳಿದ ಕರೆಂಟ್ ಖಾಲಿಯಾಗುತ್ತದೆ. ಸುಮ್ನೆ ರೀಸ್ಟಾರ್ಟ್ ಮಾಡಿದರೆ ಇದು ಆಗುವುದಿಲ್ಲ, ಯಾಕೆಂದರೆ ಆಫ್ ಆಗಿದ್ದಾಗಲೂ ಲ್ಯಾನ್ ಭಾಗಕ್ಕೆ ಸ್ವಲ್ಪ ಕರೆಂಟ್ ಹೋಗುತ್ತಲೇ ಇರುತ್ತದೆ. ಮತ್ತೆ ಜೋಡಿಸಿ ನೋಡಿ. ಸತ್ತೇಹೋಯಿತು ಅಂದುಕೊಂಡ ಪೋರ್ಟುಗಳು ಹೀಗೆ ಮರಳಿ ಬಂದಿವೆ.

ಬರಲಿಲ್ಲವೇ? ಮದರ್‌ಬೋರ್ಡಿನ ಲ್ಯಾನ್ ಪೋರ್ಟ್ ಸುಟ್ಟಿದೆ ಅಂದುಕೊಳ್ಳಿ. ಅಷ್ಟಕ್ಕೇ ಕಂಪ್ಯೂಟರ್ ಗುಜರಿಗೆ ಹಾಕಬೇಕಿಲ್ಲ. ಯುಎಸ್‌ಬಿಗೆ ಸಿಕ್ಕಿಸುವ ಲ್ಯಾನ್ ಅಡಾಪ್ಟರ್ ಸಿಗುತ್ತದೆ. ಕೊಳ್ಳುವ ಮೊದಲು ನಿಮ್ಮ ವಿಂಡೋಸಿಗೆ ಅದರ ಡ್ರೈವರ್ (ಅದನ್ನು ನಡೆಸುವ ತಂತ್ರಾಂಶ) ಇದೆಯೇ ಕೇಳಿ. ಎಕ್ಸ್‌ಪಿ ಆದರೆ ಕಂಪ್ಯೂಟರಿನ ಒಳಗೆ ಸಿಕ್ಕಿಸುವ ಹಳೇ ಪಿಸಿಐ ಲ್ಯಾನ್ ಕಾರ್ಡ್ ಹುಡುಕುವುದೇ ಒಳ್ಳೆಯದು. ರಿಯಲ್‌ಟೆಕ್ 8139 ಚಿಪ್ ಇರುವ ಕಾರ್ಡಾದರೆ ಡ್ರೈವರ್ ಎಕ್ಸ್‌ಪಿಯ ಒಳಗೇ ಇದೆ.

ಮುಂದಿನ ಸಲಕ್ಕೆ ಒಂದು ಮಾತು. ಗುಡುಗು ಕೇಳುವ ಮೊದಲೇ, ಸಂಜೆ ಬಾಗಿಲು ಹಾಕುವಾಗಲೇ, ಪವರ್ ಪ್ಲಗ್ ಜೊತೆ ಲ್ಯಾನ್ ಕೇಬಲನ್ನೂ ಕೀಳಿ. ಫೈಬರ್ ಗಾಜಿನ ಎಳೆ, ಅದರಲ್ಲಿ ಕರೆಂಟ್ ಬರುವುದಿಲ್ಲ ನಿಜ. ಆದರೆ ಬಾಕ್ಸಿನ ಪವರ್ ಅಡಾಪ್ಟರ್ ಮತ್ತು ಎರಡು ಕಟ್ಟಡದ ನಡುವೆ ಹೊರಗೆ ಎಳೆದ ಲ್ಯಾನ್ ಕೇಬಲ್ ತಾಮ್ರದವು. ಸಿಡಿಲಿಗೆ ಅವೇ ದಾರಿ.

ದೀಪ ಉರಿಯುತ್ತಿದೆ. ಆದರೆ ಪರದೆಯ ಮೂಲೆಯಲ್ಲಿ ಹಳದಿ ತ್ರಿಕೋನ ಬಂದಿದೆ.

ಈಗ ವಿಂಡೋಸ್ ಒಳಗೆ ಹೋಗುವ ಹೊತ್ತು. ಸ್ಟಾರ್ಟ್ ಒತ್ತಿ ಸಿಎಂಡಿ (cmd) ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ ಎಂಟರ್ ಕೊಡಿ. ಎಕ್ಸ್‌ಪಿಯಲ್ಲಿ ಸ್ಟಾರ್ಟ್ ಒಳಗೆ ರನ್ ಒತ್ತಿ ಅಲ್ಲಿ ಟೈಪ್ ಮಾಡಬೇಕು. ಕಪ್ಪು ಪರದೆ ಬರುತ್ತದೆ. ಭಯಪಡಬೇಡಿ, ಸುಮ್ನೆ ನೋಡುವುದರಿಂದ ಏನೂ ಹಾಳಾಗುವುದಿಲ್ಲ. ಅಲ್ಲಿ ಐಪಿಕಾನ್ಫಿಗ್ (ipconfig) ಎಂದು, ಅದೂ ಇಂಗ್ಲಿಷಿನಲ್ಲೇ, ಟೈಪ್ ಮಾಡಿ ಎಂಟರ್ ಕೊಡಿ. ಐಪಿವಿ4 ಅಡ್ರೆಸ್ ಎಂಬ ಸಾಲಿನ ಮುಂದಿನ ಅಂಕಿ ನೋಡಿ. ಎಕ್ಸ್‌ಪಿಯಲ್ಲಿ ಆ ಸಾಲಿಗೆ ಬರೀ ಐಪಿ ಅಡ್ರೆಸ್ ಎಂಬ ಹೆಸರು.

ಆ ಅಂಕಿ 169.254 ಎಂದು ಶುರುವಾಗಿದ್ದರೆ ಅರ್ಧ ರೋಗ ಸಿಕ್ಕ ಹಾಗೆ. ಕಂಪ್ಯೂಟರ್ ಆನ್ ಆದ ಕೂಡಲೇ ನೆಟ್‌ವರ್ಕಿನಲ್ಲಿ ನನಗೊಂದು ವಿಳಾಸ ಕೊಡಿ ಎಂದು ಕೂಗಿ ಕೇಳುತ್ತದೆ. ಕೊಡುವ ಕೆಲಸ ರೂಟರಿನದು, ಅಂದರೆ ನೆಟ್ಟನ್ನು ಎಲ್ಲರಿಗೂ ಹಂಚುವ ಡಬ್ಬಿಯದು. ಯಾರೂ ಉತ್ತರ ಕೊಡದಿದ್ದರೆ ವಿಂಡೋಸ್ ತಾನೇ 169.254ರ ಸಾಲಿನಿಂದ ಒಂದು ವಿಳಾಸ ಇಟ್ಟುಕೊಳ್ಳುತ್ತದೆ. ಅದನ್ನಿಟ್ಟುಕೊಂಡು ಇಂಟರ್‌ನೆಟ್‌ಗೆ ಹೋಗಲು ಆಗುವುದಿಲ್ಲ. ಅಂದರೆ ದೀಪ ಉರಿದರೂ ರೂಟರಿನ ತನಕ ಮಾತು ತಲುಪುತ್ತಿಲ್ಲ, ಅಥವಾ ರೂಟರ್ ಮಂಕಾಗಿದೆ. ರೂಟರ್ ಮತ್ತು ಸ್ವಿಚ್ ಎರಡನ್ನೂ ಒಂದು ನಿಮಿಷ ಆಫ್ ಮಾಡಿ, ಮೊದಲು ರೂಟರ್, ಅದು ಪೂರ್ತಿ ಎದ್ದ ಮೇಲೆ ಸ್ವಿಚ್ ಆನ್ ಮಾಡಿ. ಕೊನೆಗೆ ಕಂಪ್ಯೂಟರ್. ಕರೆಂಟ್ ಹೋಗಿ ಬಂದಾಗ ಈ ತೊಂದರೆ ಜಾಸ್ತಿ. ಯುಪಿಎಸ್ ಮೇಲೆ ಕಂಪ್ಯೂಟರ್ ಇರುತ್ತದೆ, ಸ್ವಿಚ್ ಇರುವುದಿಲ್ಲ. ರೂಟರ್, ಸ್ವಿಚ್ ಎರಡೂ ತೀರಾ ಕಡಿಮೆ ಕರೆಂಟ್ ಕುಡಿಯುವ ಡಬ್ಬಿಗಳು, ಅವನ್ನೂ ಯುಪಿಎಸ್‌ಗೆ ಹಾಕಿಬಿಡಿ.

ರೂಟರ್ ಬದಲಿಸಿದ ಮೇಲೆ ಹಳೇ ಕಂಪ್ಯೂಟರಿಗೆ ಮಾತ್ರ ನೆಟ್ ನಿಂತಿತು. ಯಾಕೆ?

ಅದರ ಐಪಿ ವಿಳಾಸವನ್ನು ಯಾರೋ ಹಿಂದೆ ಕೈಯಿಂದ ಬರೆದಿಟ್ಟಿರುತ್ತಾರೆ. ಪ್ರಿಂಟರ್ ಹಂಚಿಕೊಳ್ಳಲು ಅಥವಾ ಟ್ಯಾಲಿ ಸರ್ವರ್ ಆಗಿರಲಿ ಅಂತ ಹಾಗೆ ಮಾಡುವುದು ರೂಢಿ. ಹಳೇ ರೂಟರಿನ ವಿಳಾಸ 192.168.1.1 ಇತ್ತು, ಕಂಪ್ಯೂಟರಿಗೆ 192.168.1.50 ಕೊಟ್ಟಿದ್ದರು. ಹೊಸ ರೂಟರ್ 192.168.0.1 ಎಂದು ಕೂತಿದೆ. ಮೂರನೇ ಅಂಕಿ ಬೇರೆಯಾದರೆ ಇಬ್ಬರೂ ಬೇರೆ ಬೇರೆ ಬೀದಿಯಲ್ಲಿದ್ದ ಹಾಗೆ. ಈ ಕಂಪ್ಯೂಟರ್ ಹಳೇ ರೂಟರಿನ ವಿಳಾಸಕ್ಕೇ ಹೋಗಿ ಕೇಳುತ್ತಲೇ ಇರುತ್ತದೆ, ಅಲ್ಲಿ ಯಾರೂ ಇರುವುದಿಲ್ಲ. ಬೇರೆ ಕಂಪ್ಯೂಟರುಗಳು ತಾವಾಗೇ ಹೊಸ ವಿಳಾಸ ಪಡೆದುಕೊಂಡವು, ಇದಕ್ಕೆ ಆ ಸ್ವಾತಂತ್ರ್ಯ ಇಲ್ಲ.

ಬದಲಿಸುವ ಮೊದಲು ಈಗಿರುವ ಐಪಿ, ಸಬ್‌ನೆಟ್ ಮಾಸ್ಕ್, ಗೇಟ್‌ವೇ, ಡಿಎನ್‌ಎಸ್ ನಾಲ್ಕನ್ನೂ ಬರೆದುಕೊಳ್ಳಿ. ಮೊಬೈಲಿನಲ್ಲಿ ಫೋಟೋ ಹೊಡೆದರೂ ಆಯಿತು. ಇದೊಂದು ಅಭ್ಯಾಸ ಇಲ್ಲದೇ ಹೋದದ್ದರಿಂದ ಅರ್ಧ ಗಂಟೆಯ ಕೆಲಸ ಎರಡು ದಿನ ಎಳೆದದ್ದನ್ನು ನಾನು ಕಂಡಿದ್ದೇನೆ. ಆಮೇಲೆ ನೆಟ್‌ವರ್ಕ್ ಸೆಟ್ಟಿಂಗಿನಲ್ಲಿ ಆಟೊಮ್ಯಾಟಿಕ್ ಎಂಬ ಆಯ್ಕೆಗೆ ಹಾಕಿ ನೋಡಿ.

ಸರ್ಕಾರಿ ಕಚೇರಿಯಾದರೆ ಇಲ್ಲಿ ನಿಲ್ಲಿ. ರಾಜ್ಯ ಸರ್ಕಾರದ ಕಚೇರಿಗಳನ್ನು ಜೋಡಿಸುವ ಕೆಸ್ವಾನ್ ಜಾಲಕ್ಕೆ ಸೇರಿದ ಕಂಪ್ಯೂಟರುಗಳಿಗೆ ವಿಳಾಸ ಅಲ್ಲಿಂದಲೇ ನಿಗದಿಯಾಗಿರುತ್ತದೆ. ನೋಡಿಕೊಳ್ಳುವವರನ್ನು ಕೇಳದೆ ಒಂದಂಕಿಯನ್ನೂ ಬದಲಿಸಬೇಡಿ.

ಐಪಿ ಕಾನ್‌ಫ್ಲಿಕ್ಟ್ ಅಂತ ಬರುತ್ತಿದೆ.

ಎರಡು ಯಂತ್ರಗಳಿಗೆ ಒಂದೇ ವಿಳಾಸ ಬಿದ್ದಿದೆ. ಒಂದಕ್ಕೆ ಕೈಯಿಂದ ಕೊಟ್ಟದ್ದನ್ನೇ ರೂಟರ್ ಯಾರದೋ ಮೊಬೈಲಿಗೂ ಕೊಟ್ಟಿರುತ್ತದೆ. ಕೈಯಿಂದ ಕೊಡುವ ವಿಳಾಸಗಳು ರೂಟರ್ ಹಂಚುವ ಸಾಲಿನ ಹೊರಗಿರಬೇಕು. ವೈಫೈ ಸಾಲುತ್ತಿಲ್ಲ ಅಂತ ಮನೆಯ ಹಳೇ ರೂಟರ್ ತಂದು ಸ್ವಿಚ್ಚಿಗೆ ಸಿಕ್ಕಿಸಿದರೂ ಗೊಂದಲ ಶುರು. ಆಗ ವಿಳಾಸ ಹಂಚುವವರು ಇಬ್ಬರಾಗುತ್ತಾರೆ.

ಪಿಂಗ್ ಮಾಡಿ ಅಂತಾರೆ. ಅದನ್ನು ಓದುವುದು ಹೇಗೆ?

ಪಿಂಗ್ ಎಂದರೆ ಒಂದು ವಿಳಾಸವನ್ನು ಕೂಗಿ ಉತ್ತರ ಬರುತ್ತದೆಯೇ ನೋಡುವುದು. ಅದೇ ಕಪ್ಪು ಪರದೆಯಲ್ಲಿ ಪಿಂಗ್ (ping) ಎಂದು ಇಂಗ್ಲಿಷಿನಲ್ಲಿ ಬರೆದು, ಜಾಗ ಬಿಟ್ಟು, ವಿಳಾಸ ಹಾಕಿ. ಮೊದಲು ನಿಮ್ಮ ಗೇಟ್‌ವೇ, ಅಂದರೆ ರೂಟರಿನ ವಿಳಾಸ. ಉತ್ತರ ಬಂದರೆ ಆಫೀಸಿನ ಒಳಗಿನ ದಾರಿ ಚೆನ್ನಾಗಿದೆ. ಆಮೇಲೆ 8.8.8.8. ಇದು ಗೂಗಲ್‌ನ ಡಿಎನ್‌ಎಸ್ ಸರ್ವರ್. ಉತ್ತರ ಬಂದರೆ ಹೊರಗಿನ ದಾರಿಯೂ ಸರಿ. ಇದಕ್ಕೂ ಉತ್ತರ ಬರುತ್ತದೆ, ಆದರೆ ವೆಬ್‌ಸೈಟಿನ ಹೆಸರು ಹಾಕಿದರೆ ಸಿಗುವುದಿಲ್ಲ ಎಂದರೆ ಹೆಸರನ್ನು ಅಂಕಿಗೆ ಬದಲಿಸುವ ಡಿಎನ್‌ಎಸ್ ಸೆಟ್ಟಿಂಗ್ ಕೆಟ್ಟಿದೆ. ಎಲ್ಲಿ ಉತ್ತರ ನಿಂತಿತೋ ಅಲ್ಲೇ ತೊಂದರೆ.

ಪಿಂಗ್ ಎಲ್ಲ ಬರುತ್ತದೆ, ವೆಬ್‌ಸೈಟ್ ಮಾತ್ರ ತೆರೆಯುವುದಿಲ್ಲ. ಸುರಕ್ಷಿತವಲ್ಲ ಅಂತ ಹೇಳುತ್ತದೆ.

ಪರದೆಯ ಕೆಳಗೆ ಬಲಮೂಲೆಯಲ್ಲಿ ದಿನಾಂಕ ನೋಡಿ. ಹಳೇ ಕಂಪ್ಯೂಟರುಗಳಲ್ಲಿ ಇಲ್ಲೇ ಉತ್ತರ ಇರುತ್ತದೆ. ಒಂದು ಶಾಲೆಯ ಆಫೀಸಿನಲ್ಲಿ ಮಕ್ಕಳ ವಿವರ ತುಂಬಲು ಅವತ್ತೇ ಕೊನೇ ದಿನ. ಕ್ಲರ್ಕ್ ಮೇಡಂ ಬೆಳಿಗ್ಗೆಯಿಂದ ಒದ್ದಾಡಿ ಕಣ್ಣಲ್ಲಿ ನೀರು ತುಂಬಿಕೊಂಡು ಕೂತಿದ್ದರು. ಕಂಪ್ಯೂಟರಿನ ಗಡಿಯಾರ 2009ರ ಜನವರಿ 1 ತೋರಿಸುತ್ತಿತ್ತು. ವೆಬ್‌ಸೈಟ್ ಅಸಲಿ ಎಂದು ಹೇಳುವ ಪ್ರಮಾಣಪತ್ರಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿ ಇರುತ್ತದೆ. ಕಂಪ್ಯೂಟರಿನ ಲೆಕ್ಕದಲ್ಲಿ ಆ ಪತ್ರ ಇನ್ನೂ ಹುಟ್ಟೇ ಇಲ್ಲ, ಹಾಗಾಗಿ ಬಾಗಿಲು ಹಾಕಿಬಿಡುತ್ತದೆ. ದಿನಾಂಕ ಸರಿಮಾಡಿದ ಕೂಡಲೇ ಪುಟ ತೆರೆಯಿತು.

ಮರುದಿನ ಮತ್ತೆ ಹಿಂದಕ್ಕೆ ಹೋದರೆ ಮದರ್‌ಬೋರ್ಡಿನ ಬ್ಯಾಟರಿ ಮುಗಿದಿದೆ. ನಾಣ್ಯದಂತೆ ದುಂಡಗಿನ, 3 ವೋಲ್ಟಿನ ಸಿಆರ್2032 ಸೆಲ್. ಊರಿನ ವಾಚ್ ಅಂಗಡಿಯಲ್ಲೂ ಸಿಗುತ್ತದೆ. ಅದನ್ನು ತೆಗೆದಾಗ ಬಯಾಸ್ (ವಿಂಡೋಸಿಗೂ ಮೊದಲು ಓಡುವ, ಮದರ್‌ಬೋರ್ಡಿನ ತಂತ್ರಾಂಶ) ಸೆಟ್ಟಿಂಗುಗಳು ಮೊದಲಿನ ಸ್ಥಿತಿಗೆ ಹೋಗಬಹುದು. ಅದರಿಂದ ವಿಂಡೋಸ್ ತೆರೆಯದೇ ಹೋಗುವುದೂ ಉಂಟು. ಆದ್ದರಿಂದ ಬದಲಿಸುವ ಮೊದಲು ಬಯಾಸ್ ಪರದೆಗಳ ಫೋಟೋ ತೆಗೆದಿಟ್ಟುಕೊಳ್ಳಿ.

ದಿನಾಂಕ ಸರಿ ಇದ್ದರೂ ತೆರೆಯದಿದ್ದರೆ ಬ್ರೌಸರ್ ಹಳೆಯದಾಗಿದೆ. ಈಗಿನ ವೆಬ್‌ಸೈಟುಗಳು ಟಿಎಲ್‌ಎಸ್ 1.2 ಅಥವಾ ಅದಕ್ಕಿಂತ ಹೊಸ ಗುಟ್ಟುಭಾಷೆಯಲ್ಲೇ ಮಾತಾಡುತ್ತವೆ. ಎಕ್ಸ್‌ಪಿಯ ಇಂಟರ್‌ನೆಟ್ ಎಕ್ಸ್‌ಪ್ಲೋರರ್‌ಗೆ ಆ ಭಾಷೆಯೇ ಗೊತ್ತಿಲ್ಲ. ವಿಂಡೋಸ್ 7ಕ್ಕೆ ಬರುವ ಕೊನೆಯ ಕ್ರೋಮ್ 109. ಫೈರ್‌ಫಾಕ್ಸ್‌ನಲ್ಲಿ 115ರ ಇಎಸ್‌ಆರ್ (ಹೆಚ್ಚು ಕಾಲ ಅಪ್‌ಡೇಟ್ ಸಿಗುವ) ಸಾಲು. ಹಳೇ ವಿಂಡೋಸ್‌ನಲ್ಲಿ ನಾನು ಫೈರ್‌ಫಾಕ್ಸನ್ನೇ ಹಾಕಿಕೊಡುವುದು. ಅದು ಪ್ರಮಾಣಪತ್ರಗಳ ಪಟ್ಟಿಯನ್ನು ತನ್ನದೇ ಚೀಲದಲ್ಲಿ ತರುತ್ತದೆ, ವಿಂಡೋಸಿನ ಹಳಸಿದ ಪಟ್ಟಿಯನ್ನೇ ನಂಬಿ ಕೂರುವುದಿಲ್ಲ.

ಮೊಬೈಲಿಗೆ ಕಾಣುವ ವೈಫೈ ಹೆಸರು ಕಂಪ್ಯೂಟರಿಗೆ ಕಾಣುವುದೇ ಇಲ್ಲ.

ರೂಟರ್ 5 ಗಿಗಾಹರ್ಟ್ಸ್‌ನಲ್ಲಿ ಮಾತ್ರ ಹೆಸರು ಬಿಡುತ್ತಿರಬಹುದು. ಹಳೇ ವೈಫೈ ಅಡಾಪ್ಟರುಗಳಲ್ಲಿ ಹೆಚ್ಚಿನವು 2.4 ಗಿಗಾಹರ್ಟ್ಸ್ ಮಾತ್ರ ಹಿಡಿಯುತ್ತವೆ. ರೂಟರಿನಲ್ಲಿ 2.4 ಕೂಡ ಆನ್ ಮಾಡಿಸಿ. ಹೆಸರು ಕಾಣುತ್ತದೆ, ಸರಿಯಾದ ಪಾಸ್‌ವರ್ಡ್ ಹಾಕಿದರೂ ಒಳಗೆ ಬಿಡುವುದಿಲ್ಲ ಅಂದರೆ ರೂಟರಿನ ಸೆಕ್ಯುರಿಟಿ ಸೆಟ್ಟಿಂಗಿನಲ್ಲಿ ಡಬ್ಲ್ಯುಪಿಎ3 ಎಂಬ ಹೊಸ ಪದ್ಧತಿ ಮಾತ್ರ ಇರಬಹುದು. ಹಳೆಯ ಡಬ್ಲ್ಯುಪಿಎ2 ಕೂಡ ಸೇರಿಸಿದರೆ ಸಾಕು. ಪಾಸ್‌ವರ್ಡ್ ಇಲ್ಲದೆ ಬಿಡಬೇಡಿ. ಮೇಜಿನಿಂದ ಕದಲದ ಕಂಪ್ಯೂಟರಿಗೆ ವೈಫೈಗಿಂತ ಕೇಬಲ್ಲೇ ವಾಸಿ ಎಂಬುದು ನನ್ನ ಅಭಿಪ್ರಾಯ.

ನೆಟ್ ಬಂತು. ಆದರೆ ಹೊಸ ಕಂಪ್ಯೂಟರಿನಿಂದ ಹಳೆಯದರ ಶೇರ್ ಫೋಲ್ಡರ್ ತೆರೆಯುವುದಿಲ್ಲ.

ಎಕ್ಸ್‌ಪಿ ಫೈಲ್ ಹಂಚುವುದು ಎಸ್‌ಎಂಬಿ 1 ಎಂಬ ಹಳೇ ಪದ್ಧತಿಯಲ್ಲಿ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ವೈರಸ್ ಇದೇ ಬಾಗಿಲಿನಿಂದ ನುಗ್ಗಿ ಜಗತ್ತಿನ ತುಂಬ ಕಂಪ್ಯೂಟರುಗಳ ಫೈಲುಗಳಿಗೆ ಬೀಗ ಹಾಕಿತು. ಆ ವರ್ಷದ ಕೊನೆಯ ಭಾಗದಲ್ಲಿ ಬಂದ ವಿಂಡೋಸ್ 10ರ ಅಪ್‌ಡೇಟಿನಿಂದ ಹೊಸದಾಗಿ ಹಾಕಿದ ವಿಂಡೋಸ್‌ನಲ್ಲಿ ಅದು ಇರುವುದಿಲ್ಲ, ಇಲ್ಲವೇ ಬಳಸದಿದ್ದರೆ ತಾನಾಗೇ ಹೋಗುತ್ತದೆ. ಮತ್ತೆ ಆನ್ ಮಾಡುವ ದಾರಿ ತೋರಿಸುವವರು ಬಹಳ ಜನ ಸಿಗುತ್ತಾರೆ. ಮಾಡಬೇಡಿ ಎಂದು ನಾನು ಕೈಮುಗಿದು ಹೇಳುತ್ತೇನೆ. ಲೆಕ್ಕದ ಫೈಲುಗಳು ಹೊಸ ಕಂಪ್ಯೂಟರಿನಲ್ಲಿವೆ, ಅದಕ್ಕೆ ಅಪಾಯ ತರುವುದು ಬೇಡ. ಪೆನ್‌ಡ್ರೈವ್‌ನಲ್ಲಿ ತಂದು, ಹೊಸ ಕಂಪ್ಯೂಟರಿನಲ್ಲಿ ಸ್ಕ್ಯಾನ್ ಮಾಡಿ, ಫೈಲುಗಳನ್ನು ಅಲ್ಲಿಗೇ ಸಾಗಿಸಿ. ವಿಂಡೋಸ್ 7 ಆದರೆ ಎಸ್‌ಎಂಬಿ 2 ಗೊತ್ತಿದೆ. ಅಲ್ಲಿ ಬಹಳ ಸಲ ಕೊರತೆ ಪಾಸ್‌ವರ್ಡಿನದು. ಹಳೇ ಕಂಪ್ಯೂಟರಿನಲ್ಲಿ ಪಾಸ್‌ವರ್ಡ್ ಇರುವ ಒಂದು ಯೂಸರ್ ಮಾಡಿ, ಆ ಹೆಸರಿನಿಂದ ತೆರೆದು ನೋಡಿ.

ಕೊನೆಗೂ ಫಾರ್ಮ್ಯಾಟ್ ಮಾಡಲೇಬೇಕು ಅಂದರೆ?

ಮೊದಲು ಫೈಲುಗಳನ್ನು ಎರಡು ಕಡೆ ಕಾಪಿ ಮಾಡಿ. ಡೆಸ್ಕ್‌ಟಾಪ್ ಮತ್ತು ಮೈ ಡಾಕ್ಯುಮೆಂಟ್ಸ್ ಎರಡೂ ಸಿ ಡ್ರೈವ್‌ನಲ್ಲೇ ಇರುತ್ತವೆ, ಫಾರ್ಮ್ಯಾಟ್ ಅಳಿಸುವುದು ಅದನ್ನೇ. ಆಮೇಲೆ ಫಾಂಟುಗಳು. ಕನ್ನಡ ಗಣಕ ಪರಿಷತ್ತಿನ ನುಡಿಯಲ್ಲಿ ಯೂನಿಕೋಡ್ ಬರುವ ಮೊದಲು ಟೈಪ್ ಮಾಡಿದ ಕಡತಗಳು ಆ ಫಾಂಟ್ ಇಲ್ಲದಿದ್ದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ವಿಂಡೋಸ್ ಫೋಲ್ಡರಿನ ಒಳಗೆ ಫಾಂಟ್ಸ್ ಎಂಬ ಫೋಲ್ಡರ್ ಇದೆ, ನುಡಿ ಮತ್ತು ಬರಹದ ಫಾಂಟುಗಳನ್ನು ಅಲ್ಲಿಂದ ಕಾಪಿ ಮಾಡಿಟ್ಟುಕೊಳ್ಳಿ. ಲ್ಯಾನ್ ಕಾರ್ಡಿನ ಡ್ರೈವರನ್ನೂ ಮೊದಲೇ ಪೆನ್‌ಡ್ರೈವ್‌ಗೆ ಇಳಿಸಿಕೊಳ್ಳಿ. ಫಾರ್ಮ್ಯಾಟ್ ಆದ ಮೇಲೆ ಡ್ರೈವರ್ ಬೇಕು, ಅದನ್ನು ಇಳಿಸಲು ನೆಟ್ ಬೇಕು, ನೆಟ್‌ಗೆ ಡ್ರೈವರ್ ಬೇಕು.

ಇಷ್ಟು ಹಳೇ ಕಂಪ್ಯೂಟರನ್ನು ನೆಟ್‌ಗೆ ಸೇರಿಸುವುದು ಸರಿಯೇ?

ಎಕ್ಸ್‌ಪಿಗೆ ಮೈಕ್ರೋಸಾಫ್ಟ್ 2014ರ ಏಪ್ರಿಲ್ 8ಕ್ಕೆ ಅಪ್‌ಡೇಟ್ ನಿಲ್ಲಿಸಿತು, ವಿಂಡೋಸ್ 7ಕ್ಕೆ 2020ರ ಜನವರಿ 14ಕ್ಕೆ. ಅವುಗಳಲ್ಲಿ ಬ್ಯಾಂಕಿನ ಕೆಲಸ, ಆಧಾರ್ ಕೆಲಸ ಬೇಡವೇ ಬೇಡ. ಬರೀ ಟೈಪಿಂಗ್ ಮತ್ತು ಪ್ರಿಂಟಿಗೆ ಇರುವ ಕಂಪ್ಯೂಟರಾದರೆ ಕೇಬಲ್ ಕಿತ್ತಿಡಿ, ಅದು ಇನ್ನೂ ಹಲವು ವರ್ಷ ದುಡಿಯುತ್ತದೆ. ನೆಟ್ ಬೇಕೇ ಬೇಕು ಎಂದಾದರೆ, ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಎಂಬ ವೇಗದ ಡಿಸ್ಕ್ ಹಾಕಿ, ವಿಂಡೋಸ್ ಬದಲು ಲಿನಕ್ಸ್ ಹಾಕಿಸುವ ದಾರಿ ಇದೆ. ಹಳೇ ಡಿಸ್ಕನ್ನು ಹಾಗೇ ಕಟ್ಟಿ ಬೀರುವಿನಲ್ಲಿಡಿ.

ಗೂಗಲ್‌ನಲ್ಲಿ ಸಿಕ್ಕ ನಂಬರಿಗೆ ಫೋನ್ ಮಾಡಿದೆ. ಎನಿಡೆಸ್ಕ್ ಹಾಕಿ ಅಂದರು.

ಫೋನ್ ಇಟ್ಟುಬಿಡಿ. ಎನಿಡೆಸ್ಕ್ ಹಾಕಿದರೆ ಅವರು ದೂರದಿಂದಲೇ ನಿಮ್ಮ ಕಂಪ್ಯೂಟರ್ ನಡೆಸಬಹುದು. ನೆಟ್ ಬಿಲ್ಲಿನ ಮೇಲೆ ಅಚ್ಚಾದ ನಂಬರಿಗೆ ಮಾತ್ರ ಫೋನ್ ಮಾಡಿ. ಈಗಾಗಲೇ ಹಣ ಹೋಗಿದ್ದರೆ ಆ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ತಡ ಮಾಡಿದಷ್ಟೂ ಹಣ ತಡೆಯುವುದು ಕಷ್ಟ. ನಾಚಿಕೆಪಟ್ಟು ಸುಮ್ಮನಿರಬೇಡಿ, ಓದಿದವರೂ ಮೋಸಹೋಗಿದ್ದಾರೆ.

ರಿಪೇರಿಯವರನ್ನು ಕರೆಯುವಾಗ ಏನು ಹೇಳಬೇಕು?

ನೆಟ್ ಬರುತ್ತಿಲ್ಲ ಎಂದಷ್ಟೇ ಹೇಳಿದರೆ ನಮಗೆ ಏನು ತರಬೇಕು ತಿಳಿಯುವುದಿಲ್ಲ. ಬೇರೆ ಕಂಪ್ಯೂಟರಿಗೆ ಬರುತ್ತಿದೆಯೇ, ಹಿಂದಿನ ದೀಪ ಉರಿಯುತ್ತಿದೆಯೇ, ಐಪಿ ಅಂಕಿ ಏನಿದೆ, ಯಾವ ವಿಂಡೋಸ್, ಯಾವಾಗಿನಿಂದ ನಿಂತಿತು, ಅದರ ಹಿಂದಿನ ದಿನ ಆಫೀಸಿನಲ್ಲಿ ಏನಾಯಿತು ಎಂದು ಹೇಳಿ. ಹಿಂದಿನ ದಿನ ಸುಣ್ಣ ಬಳಿದಿದ್ದರು, ಟೇಬಲ್ ಸರಿಸಿದ್ದೆವು ಎಂಬ ಒಂದು ಮಾತಿನಿಂದಲೇ ನಾನು ಬ್ಯಾಗಿಗೆ ಕ್ರಿಂಪಿಂಗ್ ಟೂಲ್ ಹಾಕಿಕೊಂಡು ಹೊರಟಿದ್ದೇನೆ. ಈ ವಿವರಗಳನ್ನು ಹಾಜರಿ ಪುಸ್ತಕದ ಕೊನೇ ಪುಟದಲ್ಲಿ ಬರೆದಿಡಿ. ಅದೇ ಪುಟದಲ್ಲಿ ಪ್ರತಿ ಕಂಪ್ಯೂಟರಿನ ಐಪಿ, ರೂಟರ್ ವಿಳಾಸ, ಕೇಬಲ್ ಯಾವ ಪೋರ್ಟಿಗೆ ಹೋಗಿದೆ ಎಂಬುದೂ ಇರಲಿ. ನಿಮಗೆ ವರ್ಗವಾಗಿ ಬೇರೊಬ್ಬರು ಆ ಕುರ್ಚಿಗೆ ಬಂದಾಗ ಅವರು ಮೊದಲು ಹುಡುಕುವುದು ಆ ಪುಟವನ್ನೇ.